ಪೆನ್ಸಿಲ್ ಕೆಳಗಿಟ್ಟ ಎಂಟು ತಿಂಗಳು

ಕಳೆದ ವರ್ಷ ಫೆಬ್ರವರಿಯ ಒಂದು ಸಂಜೆ. ಆಗ ಐದನೇ ಕ್ಲಾಸಿನಲ್ಲಿದ್ದ ಮಗಳು ಶಾಲೆಯಿಂದ ಬಂದವಳೇ ಚಾರ್ಟ್ ಪೇಪರ್ ಬಿಚ್ಚಿ ನನ್ನ ಮೇಜಿನ ಮೇಲೆ ಹಾಸಿದಳು. "ಅಮ್ಮಾ, ಇಲ್ಲೊಂದು ಬೆಕ್ಕು ಬರೆದುಕೊಡು. ನಾಳೆ ಕೊಡ್ಬೇಕು."

ಚಿತ್ರ ಬರೆಯುವುದು ನನ್ನ ವೃತ್ತಿ. 2004ರಲ್ಲಿ ಮುಂಬೈಗೆ ಬಂದಾಗಿನಿಂದ ಅದರಲ್ಲೇ ಅನ್ನ. ಬೆಕ್ಕಿಗೆ ನನಗೆ ಒಂದು ನಿಮಿಷ ಬೇಕಿಲ್ಲ. ಆದರೆ ಅವತ್ತು ಪೆನ್ಸಿಲ್ ಹಿಡಿದು ಕೂತವಳಿಗೆ ಎಲ್ಲಿಂದ ಶುರು ಮಾಡುವುದೆಂದೇ ತಿಳಿಯಲಿಲ್ಲ. ಕಿವಿಯಿಂದಲೋ ಬೆನ್ನಿನಿಂದಲೋ? ಒಂದು ಗೆರೆ ಎಳೆದೆ, ಅಳಿಸಿದೆ. ಇನ್ನೊಂದು ಎಳೆದೆ, ಅದನ್ನೂ ಅಳಿಸಿದೆ. ಮಗಳು ಪಕ್ಕದಲ್ಲಿ ನಿಂತು ಕಾದಳು. ನನ್ನ ಮುಖ ನೋಡಿದಳು. ಆಮೇಲೆ, "ಇರ್ಲಿ ಬಿಡಮ್ಮಾ" ಅಂದು ಕೆಳಗಿನ ಝೆರಾಕ್ಸ್ ಅಂಗಡಿಗೆ ಹೋಗಿ ಒಂದು ಬೆಕ್ಕಿನ ಪ್ರಿಂಟ್ ತೆಗೆಸಿಕೊಂಡು ಬಂದು ಅಂಟಿಸಿದಳು. ಹತ್ತು ರೂಪಾಯಿ ಆಯಿತಂತೆ. ಆ ರಾತ್ರಿ ಬಾತ್‌ರೂಮಿನ ನಲ್ಲಿ ತಿರುಗಿಸಿಟ್ಟು ಅತ್ತೆ. ಮಲಾಡಿನ ಒಂದು ಬೆಡ್‌ರೂಮಿನ ಮನೆಯಲ್ಲಿ ಅಳಲು ಬೇರೆ ಜಾಗ ಎಲ್ಲಿ ಇರುತ್ತದೆ ಹೇಳಿ.

ನನ್ನ ಕೆಲಸ ಏನೆಂದು ಸ್ವಲ್ಪ ಹೇಳಬೇಕು. ಜಾಹೀರಾತು ಅಥವಾ ಧಾರಾವಾಹಿಯ ಚಿತ್ರೀಕರಣಕ್ಕೆ ಮುಂಚೆ ಯಾವ ಶಾಟ್ ಹೇಗೆ ಕಾಣಬೇಕೆಂದು ಚೌಕಚೌಕವಾಗಿ ಬರೆದುಕೊಡುತ್ತಾರಲ್ಲ, ಅದು ಸ್ಟೋರಿಬೋರ್ಡ್. ಕಾಮಿಕ್ಸ್ ಪುಟದ ಹಾಗಿರುತ್ತದೆ, ಆದರೆ ಅದನ್ನು ಯಾರೂ ಓದುವುದಿಲ್ಲ. ಶೂಟಿಂಗ್ ಮುಗಿದ ಮೇಲೆ ಅದು ಕಸ. ದಿನಕ್ಕೆ ನಲವತ್ತು, ಐವತ್ತು ಚೌಕ ಬರೆಯುತ್ತಿದ್ದೆ. ನಡುನಡುವೆ ಮಕ್ಕಳ ಪುಸ್ತಕದ ಚಿತ್ರಗಳು. ಮಲಾಡ್, ಗೋರೆಗಾಂವ್, ಅಂಧೇರಿ ಸುತ್ತಮುತ್ತ ಇಂಥ ಕೆಲಸಕ್ಕೆ ಬರವಿಲ್ಲ. ಕಷ್ಟ ಇರುವುದು ತಿದ್ದುಪಡಿಯಲ್ಲಿ. "ಅಮ್ಮನ ಮುಖ ಇನ್ನೂ ಸ್ವಲ್ಪ ಖುಷಿ ಖುಷಿಯಾಗಿರಲಿ" ಎಂದು ಒಬ್ಬರು. ಖುಷಿ ಮಾಡಿ ಕಳಿಸಿದರೆ ಅವರ ಮೇಲಿನವರು, "ಇಷ್ಟು ಬೇಡ." ಒಂದು ತಟ್ಟೆ ದೋಸೆ ಬಡಿಸುವ ಕೈಯನ್ನು ನಾನು ಹದಿನಾಲ್ಕು ಸಲ ತಿದ್ದಿದ್ದೇನೆ. ಕೊನೆಗೆ ಮೊದಲನೆಯದೇ ಪಾಸಾಯಿತು.

ಎರಡು ವರ್ಷದಿಂದ ಹೊಸ ಥರದ ಕೆಲಸ ಬರತೊಡಗಿತ್ತು. ಕಂಪ್ಯೂಟರ್ ಬರೆದ ಎಐ ಚಿತ್ರವನ್ನೇ ಕಳಿಸಿ, "ಸ್ವಲ್ಪ ಕ್ಲೀನ್ ಮಾಡಿಕೊಡಿ" ಎನ್ನುವುದು. ಆರು ಬೆರಳಿದ್ದರೆ ಐದು ಮಾಡುವುದು, ಗಾಳಿಯಲ್ಲಿ ತೇಲುವ ಕಪ್ಪನ್ನು ತಂದು ಮೇಜಿನ ಮೇಲಿಡುವುದು. ಸಂಭಾವನೆ ಅರ್ಧ. ಅದೂ ಬರುವುದು ತಡ. ಒಂದು ಸ್ಟುಡಿಯೋ ಐದು ತಿಂಗಳು ಬಾಕಿ ಇಟ್ಟುಕೊಂಡು ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟಿತು. ಮನೆ ಸಾಲದ ಕಂತು ಮಾತ್ರ ಯಾವತ್ತೂ ತಡವಾಗಿಲ್ಲ. ಹಾಗಾಗಿ ಬಂದ ಕೆಲಸವನ್ನೆಲ್ಲ ಒಪ್ಪಿಕೊಂಡೆ. ರಾತ್ರಿ ಒಂದು ಗಂಟೆ, ಎರಡು ಗಂಟೆ. ಇದು ನನ್ನ ಕಥೆ ಮಾತ್ರವಲ್ಲ, ಇದನ್ನು ಓದುತ್ತಿರುವವರಲ್ಲಿ ವಿನ್ಯಾಸ, ಎಡಿಟಿಂಗ್, ಸಂಗೀತ, ಅನುವಾದ ಮಾಡುವವರಿಗೆಲ್ಲ ಗೊತ್ತಿರುವ ಸಂಗತಿ.

ಮೊದಲು ಕೈಕೊಟ್ಟದ್ದು ಕೈಯೇ. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಚುಳುಕ್ ಎನ್ನುವ ನೋವು. ಬಾಟಲಿಯ ಮುಚ್ಚಳ ತೆಗೆಯಲಾಗುತ್ತಿರಲಿಲ್ಲ. ಮೂಳೆ ಡಾಕ್ಟರು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಸಿ ಕೈಯನ್ನು ಕಿರುಬೆರಳ ಕಡೆಗೆ ಬಾಗಿಸಿದರು. ಕೂಗಿಬಿಟ್ಟೆ. ಡಿ ಕ್ವರ್ವೇನ್ ಎಂದು ಅದರ ಹೆಸರು. ಹೆಬ್ಬೆರಳನ್ನು ಆಡಿಸುವ ಎರಡು ಸ್ನಾಯುರಜ್ಜುಗಳ ಸುತ್ತಲಿನ ಪೊರೆ ಊದಿಕೊಳ್ಳುವುದು. ಒಂದೇ ರೀತಿ ಹಿಡಿದು ಒಂದೇ ಚಲನೆ ಮಾಡುತ್ತಿದ್ದರೆ ಬರುತ್ತದೆ. ಹಸುಗೂಸನ್ನು ಎತ್ತಿ ಎತ್ತಿ ಹೊಸ ತಾಯಂದಿರಿಗೂ ಬರುತ್ತದಂತೆ. ಹೆಬ್ಬೆರಳಿಗೆ ಪಟ್ಟಿ, ಆರು ವಾರ ವಿಶ್ರಾಂತಿ. ಡಾಕ್ಟರು ಒಳ್ಳೆಯವರು. ಚೀಟಿ ಬರೆಯುತ್ತಾ ಕೇಳಿದರು: "ನಿದ್ದೆ ಬರುತ್ತಾ?" ಬರುವುದಿಲ್ಲ ಅಂದೆ. "ಕೈ ಸರಿಹೋದ ಮೇಲೆ ಮತ್ತೆ ಕೆಲಸಕ್ಕೆ ಕೂರಬೇಕು ಅನಿಸುತ್ತಾ?" ಅದಕ್ಕೆ ಉತ್ತರ ಕೊಡಲಿಲ್ಲ. ನಿಜ ಹೇಳಬೇಕೆಂದರೆ ಕೈ ನೋವು ಬಂದದ್ದು ನನಗೆ ಒಳಗೊಳಗೇ ಸಮಾಧಾನ ತಂದಿತ್ತು. ಕೆಲಸ ಬೇಡ ಅನ್ನಲು ಒಂದು ಮರ್ಯಾದಸ್ತ ಕಾರಣ ಸಿಕ್ಕಿತ್ತಲ್ಲ.

ಬರ್ನ್‌ಔಟ್ ಎನ್ನುವ ಪದವನ್ನು ಈಗ ಎಲ್ಲರೂ ಬಳಸುತ್ತಾರೆ, ಸೋಮವಾರದ ಬೇಸರಕ್ಕೂ. ಅದನ್ನು ಈ ಅರ್ಥದಲ್ಲಿ 1974ರಲ್ಲಿ ಬರವಣಿಗೆಗೆ ತಂದವರು ನ್ಯೂಯಾರ್ಕಿನ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್. ಬಡವರಿಗೆ ಉಚಿತ ಚಿಕಿತ್ಸೆ ಕೊಡುವ ಕ್ಲಿನಿಕ್ಕಿನಲ್ಲಿ ಹಗಲು ರಾತ್ರಿ ದುಡಿಯುತ್ತಿದ್ದವರನ್ನು, ತನ್ನನ್ನೂ ಸೇರಿಸಿ, ನೋಡಿ ಬರೆದದ್ದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ಪಟ್ಟಿಯಲ್ಲಿ ಇದನ್ನು ರೋಗ ಎಂದು ಕರೆದಿಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದಿದೆ. ಮೂರು ಲಕ್ಷಣ ಹೇಳಿದೆ: ಪೂರ್ತಿ ಸುಸ್ತು, ಮಾಡುವ ಕೆಲಸದಿಂದ ಮನಸ್ಸು ದೂರವಾಗುವುದು ಅಥವಾ ಅದರ ಬಗ್ಗೆ ಕಹಿ, ಮತ್ತು ತನ್ನ ಕೈಯಲ್ಲಿ ಏನೂ ಆಗುತ್ತಿಲ್ಲ ಎಂಬ ಭಾವ. ಕೆಲಸ ಬಿಟ್ಟ ಮೇಲೂ ಊಟ, ನಿದ್ದೆ, ಬದುಕು ಎಲ್ಲದರ ಮೇಲೂ ಕತ್ತಲು ಕವಿದಿದ್ದರೆ ಅದು ಬೇರೆ. ಅದಕ್ಕೆ ಡಾಕ್ಟರ ಹತ್ತಿರವೇ ಹೋಗಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಭಾಷೆ ಆರಿಸಿಕೊಳ್ಳುವ ಅವಕಾಶವಿದೆ, ಕನ್ನಡವೂ ಇದೆ. ಒಂದು ರಾತ್ರಿ ನಾನೂ ಮಾಡಿದ್ದೆ. ಎರಡೂವರೆ ಗಂಟೆ ರಾತ್ರಿಯಲ್ಲಿ, ಮಲಾಡಿನಲ್ಲಿ, ಪರಿಚಯವಿಲ್ಲದ ಒಂದು ದನಿ ಕನ್ನಡದಲ್ಲಿ "ಹೇಳಿ" ಅಂದದ್ದೇ ಅರ್ಧ ಔಷಧ.

ಆರು ವಾರದಲ್ಲಿ ಕೈ ಸರಿಹೋಯಿತು. ಉಳಿದದ್ದು ಸರಿಹೋಗಲಿಲ್ಲ.

ಎಲ್ಲರೂ ಸಲಹೆ ಕೊಟ್ಟರು. ಆರಾಮಾಗಿರು, ಸಮುದ್ರ ನೋಡು, ಸ್ಕೆಚ್‌ಬುಕ್ ತಗೊಂಡು ಎಲ್ಲಾದರೂ ಹೋಗು. ಮಲಾಡಿನಲ್ಲಿ ಇದ್ದು ಸಮುದ್ರ ಇಲ್ಲ ಅನ್ನುವ ಹಾಗಿಲ್ಲ. ಬಸ್ಸು ಹತ್ತಿ ಮಾರ್ವೆಗೆ ಹೋದೆ. ಅಲ್ಲಿಂದ ಖಾಡಿ ದಾಟಿಸುವ ದೋಣಿಯಲ್ಲಿ ಮನೋರಿಗೆ. ಕೆಲವೇ ನಿಮಿಷದ ಪ್ರಯಾಣ. ಬೈಕುಗಳು, ಮೀನಿನ ಬುಟ್ಟಿ, ತರಕಾರಿ ಚೀಲ, ಕೋಳಿ ಹೆಂಗಸರ ಮಾತು, ಅಂಚಿನಲ್ಲಿ ಕಾಂಡ್ಲಾ ಕಾಡು. ಹತ್ತು ವರ್ಷದ ಹಿಂದಾಗಿದ್ದರೆ ಆ ದೋಣಿಯಲ್ಲಿ ನನ್ನ ಅರ್ಧ ಪುಸ್ತಕ ತುಂಬುತ್ತಿತ್ತು. ಈಗ ಎಲ್ಲವನ್ನೂ ನೋಡಿದೊಡನೆ ಚೌಕ ಕಟ್ಟುತ್ತಿದ್ದೆ: ಇದು ಲಾಂಗ್ ಶಾಟ್, ಇದು ಬುಟ್ಟಿಯ ಕ್ಲೋಸಪ್, ಈ ಅಜ್ಜಿಯ ನಗು ಕ್ಲೈಂಟಿಗೆ ಜಾಸ್ತಿಯಾಯಿತು. ಖಾಲಿ ಪುಸ್ತಕದೊಂದಿಗೆ ವಾಪಸು ಬಂದೆ. ಹೀಗೆ ನಾಲ್ಕು ಸಲ. ಬರೀ ವಿಶ್ರಾಂತಿ ಎನ್ನುವುದು ನನಗೆ ಇನ್ನೊಂದು ಪರೀಕ್ಷೆಯಾಯಿತು. ಅದರಲ್ಲೂ ಫೇಲಾದೆ ಎಂದು ಮತ್ತಷ್ಟು ಬೇಜಾರು.

ಇನ್ನೊಂದು ದಿನ ಸ್ಟೇಷನ್ ಕಡೆ ಹೋದವಳು ಬಾಂಬೆ ಟಾಕೀಸ್ ಕಾಂಪೌಂಡಿಗೆ ಹೊಕ್ಕೆ. ಹೊಸಬರಿಗೆ ಹೇಳಬೇಕು: ಹಿಮಾಂಶು ರಾಯ್ ಮತ್ತು ದೇವಿಕಾ ರಾಣಿ 1934ರಲ್ಲಿ ಕಟ್ಟಿದ ಬಾಂಬೆ ಟಾಕೀಸ್ ಇದ್ದದ್ದು ನಮ್ಮ ಮಲಾಡಿನಲ್ಲೇ. 'ಅಛೂತ್ ಕನ್ಯಾ', 'ಕಿಸ್ಮತ್' ಅವರದೇ. ಅಲ್ಲಿ ಲ್ಯಾಬೊರೇಟರಿಯಲ್ಲಿ ಕೆಲಸಕ್ಕಿದ್ದ ಹುಡುಗನೇ ಮುಂದೆ ಅಶೋಕ್ ಕುಮಾರ್ ಎಂಬ ನಾಯಕನಾದದ್ದು. ಐವತ್ತರ ದಶಕದಲ್ಲಿ ಕಂಪನಿ ಮುಚ್ಚಿತು. ಈಗ ಅಲ್ಲಿ ಸಣ್ಣ ಸಣ್ಣ ಕಾರ್ಖಾನೆಗಳ ಸದ್ದು. ಹಿಮಾಂಶು ರಾಯ್ 1940ರಲ್ಲಿ ತೀರಿಕೊಂಡ ಮೇಲೆ ದೇವಿಕಾ ರಾಣಿ ಸ್ಟುಡಿಯೋ ನಡೆಸಿದರು. ಆಮೇಲೆ 1945ರಲ್ಲಿ ಸಿನಿಮಾವನ್ನೇ ಬಿಟ್ಟು ರಷ್ಯದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್‌ರನ್ನು ಮದುವೆಯಾದರು. ಕಡೆಗೆ ನೆಲೆಸಿದ್ದು ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿಯಲ್ಲಿ. ಅಲ್ಲಿ ಸುಗಂಧ ತೈಲದ ಲಿನಲೋ ಮರ ಬೆಳೆಸಿದರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೊಟ್ಟಮೊದಲು ಸಿಕ್ಕಿದ್ದು ಅವರಿಗೇ, ಆದರೆ ಅವರು ಮತ್ತೆ ಬಣ್ಣ ಹಚ್ಚಲಿಲ್ಲ. ಮಲಾಡಿನಿಂದ ತಾತಗುಣಿಗೆ! ಕಾಂಪೌಂಡಿನ ಬಳಿ ಕಟಿಂಗ್ ಚಹಾ ಕುಡಿಯುತ್ತಾ ನಾನು ಯೋಚಿಸಿದ್ದು ಇಷ್ಟೇ: ಹೀಗೂ ಬಿಡಬಹುದು. ಬಿಟ್ಟವರೆಲ್ಲ ಸೋತವರು ಎಂದೇನೂ ಇಲ್ಲ. ಆದರೆ ನನಗೆ ನಾನೂರು ಎಕರೆ ಇಲ್ಲ, ಮೇಲಾಗಿ ಬೆಕ್ಕು ಬರೆಯಲಾಗದ್ದು ನನಗಿನ್ನೂ ನೋಯುತ್ತಿತ್ತು. ಬಿಡಲು ತಯಾರಾದವರಿಗೆ ಹಾಗೆ ನೋಯಲಿಕ್ಕಿಲ್ಲ.

ಮೇ ತಿಂಗಳು ಮತ್ಸ್ಯಗಂಧ ಹಿಡಿದು ಮಗಳ ಜೊತೆ ಊರಿಗೆ ಹೋದೆ. ನಮ್ಮದು ಕುಂದಾಪುರದ ಹತ್ತಿರದ ಹಳ್ಳಿ. ಅಮ್ಮ ಜಗಲಿಯಲ್ಲಿ ಮೊರ ಹಿಡಿದು ಉದ್ದು ಗೇರುತ್ತಾ ಕೂತಿದ್ದರು. ನಮ್ಮ ಕಡೆ ಭತ್ತದ ಕೊಯ್ಲು ಆದ ಮೇಲೆ ಗದ್ದೆಯ ಪಸೆ ಆರುವ ಮುಂಚೆ ಉದ್ದು ಬಿತ್ತುವುದು ವಾಡಿಕೆ. ಕೆಲವರು ನೆಲಗಡಲೆ ಹಾಕುತ್ತಾರೆ. ಈಗ ಕೂಲಿಗೆ ಜನ ಸಿಕ್ಕದೆ ಅಕ್ಕಪಕ್ಕದ ಗದ್ದೆಗಳೆಲ್ಲ ಹಾಳು ಬಿದ್ದಿವೆ. ಅಮ್ಮನಿಗೆ ಎಪ್ಪತ್ತೊಂದು, ಮಂಡಿನೋವು ಬೇರೆ. ನೀವೂ ಬಿಡಬಾರದಾ, ಗದ್ದೆಗೂ ರೆಸ್ಟ್, ನಿಮಗೂ ರೆಸ್ಟ್ ಅಂದೆ.

"ಗದ್ದಿ ಬರೀ ಹಾಳ್ ಬಿಟ್ರೆ ಕಳಿ ಬತ್ತ್, ಮಗಾ. ಉದ್ದ್ ಹಾಕ್ರೆ ನೆಲಕ್ಕೂ ಒಳ್ಳೇದ್, ನಮ್ಗೂ ದೋಸಿಗ್ ಆತ್ತ್" ಅಂದರು, ಮೊರದಿಂದ ಕಣ್ಣೆತ್ತದೆ.

ಅವರು ನನ್ನ ಬಗ್ಗೆ ಹೇಳಿದ್ದಲ್ಲ, ಉದ್ದಿನ ಬಗ್ಗೆಯೇ ಹೇಳಿದ್ದು. ಉದ್ದಿನ ಬೇರಿನಲ್ಲಿ ಸಣ್ಣ ಗಂಟುಗಳಿರುತ್ತವೆ. ಅದರೊಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತದೆ, ಭತ್ತ ಹೀರಿದ್ದರಲ್ಲಿ ಸ್ವಲ್ಪವಾದರೂ ಮಣ್ಣಿಗೆ ಮರಳುತ್ತದೆ. ಹೈಸ್ಕೂಲಿನಲ್ಲಿ ಓದಿದ್ದು. ಮುಂಬೈಗೆ ವಾಪಸಾಗುವಾಗ ಡಬ್ಬದಲ್ಲಿ ಎರಡು ಕಿಲೋ ಉದ್ದು ಇತ್ತು. ಅಮ್ಮನ ಆ ಮಾತನ್ನು ಆಗ ನಾನು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ ಎನ್ನುವುದೇ ನಿಜ.

ಜೂನ್ ಬಂತು, ಮಳೆ ಬಂತು, ಮಲಾಡಿನ ಸಬ್‌ವೇಯಲ್ಲಿ ಎಂದಿನಂತೆ ನೀರು ನಿಂತಿತು. ಪೂರ್ವದ ಕಡೆ ಕನ್ನಡಿಗರ ಒಂದು ಸಂಘ ಭಾನುವಾರ ಮಕ್ಕಳಿಗೆ ಯಕ್ಷಗಾನ ಕಲಿಸುತ್ತದೆ. ಮಗಳನ್ನು ಸೇರಿಸಿದೆವು. ಕರೆದುಕೊಂಡು ಹೋಗುವ ಕೆಲಸ ನನ್ನದು. ನಮ್ಮನೆಯವರಿಗೆ ಮೈಂಡ್‌ಸ್ಪೇಸಿನ ಶಿಫ್ಟ್ ಡ್ಯೂಟಿ, ಭಾನುವಾರವೆಂದರೆ ನಿದ್ದೆ. ಮೊದಲ ಎರಡು ವಾರ ಗೋಡೆಗೆ ಒರಗಿ ಫೋನ್ ಉಜ್ಜುತ್ತಾ ಕೂತೆ. ಗುರುಗಳು ಹಗಲು ಹೋಟೆಲಿನ ಗಲ್ಲಾದಲ್ಲಿ ಕೂರುವವರು, ಮಾತು ಕಡಿಮೆ. ಮೂರನೇ ವಾರ ಅವರೇ ಹೇಳಿದರು: "ಅಕ್ಕ, ಸುಮ್ಮನೆ ಕೂತು ಎಂತ ಮಾಡ್ತೀರಿ? ಸಾಲಿನ ಕಡೆಗೆ ನಿಂತ್ಕೊಳ್ಳಿ."

ನಿಂತೆ. ಏಳರಿಂದ ಹದಿಮೂರರ ನಡುವಿನ ಹದಿನೆಂಟು ಮಕ್ಕಳು, ಅವರ ಹಿಂದೆ ನಲವತ್ತಮೂರರ ನಾನು.

ಅಷ್ಟು ಕೆಟ್ಟದಾಗಿ ನಾನು ಯಾವ ಕೆಲಸವನ್ನೂ ಮಾಡಿದ್ದು ನೆನಪಿಲ್ಲ. ಬಾಯಲ್ಲಿ ತಾಳ ಹೇಳಿದರೆ ಕಾಲು ನಿಲ್ಲುತ್ತಿತ್ತು, ಕಾಲು ಹಾಕಿದರೆ ತಾಳ ಮರೆಯುತ್ತಿತ್ತು. ಏಕತಾಳ ಹೇಗೋ ಆಯಿತು. ರೂಪಕ, ಝಂಪೆ, ತ್ರಿವುಡೆ ಅಂತ ಮುಂದೆ ಹೋದ ಹಾಗೆ ಏಳು ವರ್ಷದ ಹುಡುಗ ಹಿಂತಿರುಗಿ ನನ್ನ ಕಾಲು ನೋಡಿ ನಗುತ್ತಿದ್ದ. ಮಗಳು ನನ್ನನ್ನು ಗುರುತೇ ಇಲ್ಲದವಳ ಹಾಗೆ ಮುಂದೆ ನೋಡಿಕೊಂಡು ನಿಲ್ಲುತ್ತಿದ್ದಳು. ಗುರುಗಳು ಒಮ್ಮೆ ಚೆಂಡೆ ನಿಲ್ಲಿಸಿ, "ಅಕ್ಕ, ನೀವು ಮುಂದಿನದ್ದು ಲೆಕ್ಕ ಹಾಕ್ತಾ ಇದ್ದೀರಿ. ಲೆಕ್ಕ ನಾನು ಹಾಕ್ತೇನೆ, ನೀವು ಕೇಳಿ ಸಾಕು" ಅಂದರು. ಅಷ್ಟು ವರ್ಷದಲ್ಲಿ ಕೆಲಸದ ಜಾಗದಲ್ಲಿ ಯಾರೂ ನನಗೆ ಅಂಥ ಮಾತು ಹೇಳಿರಲಿಲ್ಲ. ಎರಡು ಗಂಟೆ ಬೆವರಿ, ಸಬ್‌ವೇ ದಾಟಿ, ಸ್ಟೇಷನ್ ಪಕ್ಕ ಮಗಳಿಗೆ ವಡಾಪಾವ್ ಕೊಡಿಸಿ ಮನೆಗೆ ಬಂದರೆ ರಾತ್ರಿ ನಿದ್ದೆ ಬರುತ್ತಿತ್ತು. ಭಾನುವಾರ ರಾತ್ರಿ ಮಾತ್ರ. ಆಮೇಲೆ ಸೋಮವಾರವೂ.

ಹೆಜ್ಜೆ ನೆನಪಿರದ ಕಾರಣ ಒಂದು ಎರಡು ಗೆರೆಯ ನೋಟ್‌ಬುಕ್ ಇಟ್ಟುಕೊಂಡಿದ್ದೆ. ತಾಳದ ಅಕ್ಷರ ಬರೆದು, ಪ್ರತಿ ಅಕ್ಷರದ ಕೆಳಗೆ ಯಾವ ಕಾಲು, ಹಿಮ್ಮಡಿ ನೆಲಕ್ಕೆ ತಾಗಿದೆಯೋ ಇಲ್ಲವೋ, ತೂಕ ಎಲ್ಲಿದೆ ಎಂದು ಗುರುತು ಹಾಕಿಕೊಳ್ಳುವುದು. ಬಾಣ, ಸೊನ್ನೆ, ಅಡ್ಡಗೆರೆ ಎಲ್ಲ ಮಾಡಿ ನೋಡಿದೆ, ಮನೆಗೆ ಬಂದರೆ ಅರ್ಥವಾಗುತ್ತಿರಲಿಲ್ಲ. ಅದಕ್ಕೇ ಪುಟ್ಟ ಪುಟ್ಟ ಪಾದಗಳನ್ನೇ ಹಾಕತೊಡಗಿದೆ. ಆಮೇಲೆ ಪಾದಕ್ಕೆ ಮೊಣಕಾಲು, ಮೊಣಕಾಲಿಗೆ ಸೊಂಟ. ಅಕ್ಟೋಬರ್‌ನಲ್ಲಿ ಒಂದು ಭಾನುವಾರ ರಾತ್ರಿ ಅಡುಗೆಮನೆಯ ಕಟ್ಟೆಯ ಮೇಲೆ ಪುಸ್ತಕ ಬಿಚ್ಚಿಟ್ಟು ಅಭ್ಯಾಸ ಮಾಡುತ್ತಿದ್ದೆ. ನೀರು ಕುಡಿಯಲು ಎದ್ದು ಬಂದ ನಮ್ಮನೆಯವರು ಪುಟ ತಿರುಗಿಸಿ ನೋಡಿ, "ಮತ್ತೆ ಬರೀತಿದ್ದೀಯಲ್ಲ!" ಅಂದರು. ನೋಡಿದೆ. ಹನ್ನೊಂದು ಪುಟ. ಕಾಲೇ ಕಾಲು. ಕೆಲವು ಕಾಲಿನ ಮೇಲೆ ಆ ನಗುವ ಹುಡುಗನ ಮುಖವೂ ಇತ್ತು, ಅದು ಯಾವಾಗ ಬಂತೋ ನನಗೆ ಗೊತ್ತಿಲ್ಲ. ಒಂದರಲ್ಲೂ ಚೌಕ ಇರಲಿಲ್ಲ.

ಆಗ ನೆನಪಾದವರು ಕೆ.ಕೆ. ಹೆಬ್ಬಾರರು. ಕಲಾಶಾಲೆಯಲ್ಲಿ ಓದುವಾಗ ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಯಲ್ಲಿ ಅವರ ಚಿತ್ರಗಳ ಮುಂದೆ ನಿಂತಿದ್ದೆ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬೈಗೆ ಬಂದು, ಜೆ.ಜೆ. ಕಲಾಶಾಲೆಯ ಶಿಸ್ತಿನಲ್ಲಿ ಪಳಗಿ, ಅಲ್ಲೇ ಪಾಠವನ್ನೂ ಹೇಳಿದವರು. 1996ರಲ್ಲಿ ತೀರಿಕೊಳ್ಳುವವರೆಗೆ ಮುಂಬೈಯವರೇ. ಇದ್ದದ್ದನ್ನು ಇದ್ದಹಾಗೆ ಬರೆಯುವ ಕೈಚಳಕ ಅವರಿಗೆ ಬಂದಿತ್ತು, ಅದರಲ್ಲೇ ಹೆಸರು ಮಾಡಬಹುದಿತ್ತು. ಅಷ್ಟರಲ್ಲಿ ನಿಲ್ಲಲಿಲ್ಲ. ಅಮೃತಾ ಶೇರ್‌ಗಿಲ್ ಚಿತ್ರಗಳನ್ನು ಕಂಡು ಅವರ ದಾರಿ ಬದಲಾಯಿತು, ಮಲಬಾರಿನ ಕಡೆ ತಿರುಗಾಡಿದರು. ನಲವತ್ತರ ಹತ್ತಿರ ಬಂದಾಗ, 1949-50ರಲ್ಲಿ, ಪ್ಯಾರಿಸಿನ ಅಕಾಡೆಮಿ ಜೂಲಿಯನ್‌ನಲ್ಲಿ ಮತ್ತೆ ವಿದ್ಯಾರ್ಥಿಯಾದರು. ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಬೇರೆ: ಲಯ ಎಂದರೇನೆಂದು ತಿಳಿಯಲು ಅವರು ಕಥಕ್ ಕಲಿತರು. ನೋಡಿದ್ದಲ್ಲ, ಕಲಿತದ್ದು. ಬರಿಯ ರೇಖೆಯಲ್ಲಿ ಬರೆದ ಅವರ ಚಿತ್ರಗಳ ಪುಸ್ತಕಕ್ಕೆ 'ದ ಸಿಂಗಿಂಗ್ ಲೈನ್' ಎಂದು ಹೆಸರು. ನರ್ತಕರ ಒಂದೊಂದು ಚಿತ್ರದಲ್ಲೂ ಗೆರೆ ಎಲ್ಲಿ ಒತ್ತಿದೆ, ಎಲ್ಲಿ ಹಗುರಾಗಿದೆ ನೋಡಿದರೆ ಬರೆದವರ ಕಾಲಿಗೂ ತಾಳ ಗೊತ್ತಿತ್ತು ಎನ್ನುವುದು ನನಗೀಗ ಕಾಣುತ್ತದೆ. ಮೊದಲು ಕಂಡಿರಲಿಲ್ಲ.

ಹೆಬ್ಬಾರರು ನನ್ನ ಹಾಗೆ ಬಸವಳಿದಿದ್ದರು ಎಂದು ಹೇಳುತ್ತಿಲ್ಲ. ಆ ಗ್ಯಾಲರಿಗೆ ಹೆಸರು ಕೊಟ್ಟ ಮೈಸೂರಿನ ಕೆ. ವೆಂಕಟಪ್ಪನವರ ಮನಸ್ಸಿನಲ್ಲಿ ಏನಿತ್ತೆಂದೂ ನನಗೆ ಹೇಳಬರುವುದಿಲ್ಲ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ ಕಲಿತು ಬಂದ ಚಿತ್ರಗಾರ, ಮೈಸೂರಿಗೆ ಮರಳಿ ವೀಣೆ ಶೇಷಣ್ಣನವರ ಮುಂದೆ ವೀಣೆ ಹಿಡಿದು ಕೂತರು. ಹವ್ಯಾಸಕ್ಕೆ ಅಲ್ಲ, ಕಟ್ಟುನಿಟ್ಟಾದ ಸಾಧನೆಗೆ. ಮಂಜು, ಬೆಟ್ಟ, ಬೆಳಕಿನ ಊಟಿಯ ಪ್ರಸಿದ್ಧ ಜಲವರ್ಣಗಳು ಬಂದದ್ದು ಆಮೇಲೆ, 1926ರ ಹೊತ್ತಿಗೆ. ವೀಣೆಯಿಂದಲೇ ಊಟಿಯ ಮಂಜು ಬಂತು ಅಂದರೆ ಅತಿಯಾದೀತು. ಆದರೆ ಇಬ್ಬರೂ ತಮಗೆ ಬರುತ್ತಿದ್ದ ವಿದ್ಯೆಯನ್ನು ಪಕ್ಕಕ್ಕಿಟ್ಟು, ಬಾರದ ವಿದ್ಯೆಯ ಮುಂದೆ ದೊಡ್ಡ ವಯಸ್ಸಿನಲ್ಲಿ ಹೋಗಿ ಕೂತರು. ಮೇಜಿನ ಮೇಲಿನ ಡಬ್ಬದಲ್ಲಿದ್ದ ಅಮ್ಮನ ಉದ್ದು ನೋಡಿದಾಗ ಆ ಮಾತು ಆಗ ತಲೆಗೆ ಹೊಕ್ಕಿತು. ನಾನು ಗದ್ದೆಯನ್ನು ಬರೀ ಹಾಳು ಬಿಟ್ಟು, ಭತ್ತ ಯಾಕೆ ಏಳುತ್ತಿಲ್ಲ ಎಂದು ದಿನಾ ಹೋಗಿ ಇಣುಕುತ್ತಿದ್ದೆ.

ದುಡ್ಡಿನ ಮಾತು ಬಿಟ್ಟು ಇದನ್ನೆಲ್ಲ ಹೇಳಿದರೆ ಮೋಸವಾದೀತು. ಎಂಟು ತಿಂಗಳು ನಾನು ಪೂರ್ತಿ ದುಡಿಯಲಿಲ್ಲ. ಕೈಯಲ್ಲಿ ನಾಲ್ಕು ತಿಂಗಳ ಖರ್ಚಿನಷ್ಟಿತ್ತು. ಆಮೇಲೆ ಒಂದು ಎಫ್‌ಡಿ ಮುರಿದೆವು, ಮಗಳ ಈಜಿನ ಕ್ಲಾಸ್ ಬಿಡಿಸಿದೆವು. ನಮ್ಮನೆಯವರಿಗೆ ಸಂಬಳ ಇಲ್ಲದಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ. ಒಬ್ಬರೇ ದುಡಿದು ಊರಿಗೂ ಕಳಿಸುವವರಿಗೆ 'ಬ್ರೇಕ್ ತಗೊಳ್ಳಿ' ಎನ್ನುವ ಸಲಹೆ ಕೊಡಲು ನನಗೆ ಬಾಯಿ ಬರುವುದಿಲ್ಲ. ಆದರೆ ವಾರಕ್ಕೆ ಎರಡು ಗಂಟೆ ಸಾಲಿನ ಕಡೆಗೆ ನಿಲ್ಲುವುದು ಹೆಚ್ಚಿನವರಿಗೆ ಆಗಬಹುದೇನೋ.

ಈ ಊರಿನ ನಮ್ಮ ಹಿರಿಯ ಬರಹಗಾರರನ್ನು ನೋಡಿ. ಯಶವಂತ ಚಿತ್ತಾಲರು ರಾಸಾಯನಿಕ ಉದ್ಯಮದಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಅದೇ ಕಂಪನಿ ಲೋಕದ ಒಳಗನ್ನು 1979ರ 'ಶಿಕಾರಿ'ಯಲ್ಲಿ ಬರೆದರು. ಜಯಂತ ಕಾಯ್ಕಿಣಿ ಔಷಧ ಕಂಪನಿಯಲ್ಲಿ ಕೆಲಸ ಮಾಡುತ್ತಲೇ ಮುಂಬೈಯ ಕಥೆಗಳನ್ನು ಕಟ್ಟಿದರು. ಅನ್ನ ಒಂದು ಕಡೆಯಿಂದ, ಬರವಣಿಗೆ ಇನ್ನೊಂದು ಕಡೆ. ಕಲೆಯನ್ನೇ ಅನ್ನ ಮಾಡಿಕೊಳ್ಳುವುದು ಭಾಗ್ಯ ಎಂದು ಚಿಕ್ಕಂದಿನಲ್ಲಿ ಅಂದುಕೊಂಡಿದ್ದೆ, ಈಗ ಅಷ್ಟು ಖಾತ್ರಿಯಿಲ್ಲ. ನನ್ನಿಂದ ರಾಸಾಯನಿಕ ಕೆಲಸವಂತೂ ಆಗದು. ಹಾಗಾಗಿ ನವೆಂಬರಿನಿಂದ ಬೇರೆ ಏರ್ಪಾಡು ಮಾಡಿಕೊಂಡೆ. ವಾರಕ್ಕೆ ನಾಲ್ಕು ದಿನ ಮಾತ್ರ ಕೂಲಿ ಚಿತ್ರ. ಒಪ್ಪಂದದಲ್ಲಿ ಎರಡೇ ತಿದ್ದುಪಡಿ, ಮೂರನೆಯದಕ್ಕೆ ಹಣ; ಅರ್ಧ ಮುಂಗಡ. ಯಂತ್ರದ ಚಿತ್ರಕ್ಕೆ ಬೆರಳು ಎಣಿಸುವ ಕೆಲಸ ಇಲ್ಲ. ಇದನ್ನು ಟೈಪ್ ಮಾಡಿ ಕಳಿಸುವಾಗ ಕೈ ನಡುಗಿತ್ತು. ಇಬ್ಬರು ಉತ್ತರಿಸಲೇ ಇಲ್ಲ. ಒಬ್ಬರು, "ಮೇಡಂ, ಈಗ ಯಾರು ಕೊಡ್ತಾರೆ ಹೀಗೆ" ಎಂದು ನಕ್ಕರು. ಮೂವರು ಒಪ್ಪಿದರು. ವರಮಾನ ಮೊದಲಿನ ಮುಕ್ಕಾಲಿಗಿಂತ ಕಡಿಮೆ ಇದೆ. ಇನ್ನು ಎರಡು ವರ್ಷದಲ್ಲಿ ಸ್ಟೋರಿಬೋರ್ಡನ್ನು ಯಾರಾದರೂ ಮನುಷ್ಯರ ಕೈಯಲ್ಲಿ ಬರೆಸುತ್ತಾರೋ ಇಲ್ಲವೋ, ಆ ಭಯ ಹಾಗೇ ಇದೆ. ಅದಕ್ಕೆ ಯಕ್ಷಗಾನದಲ್ಲಿ ಮದ್ದಿಲ್ಲ.

ಶುಕ್ರವಾರ ನನ್ನದು. ಕೆಲವು ಶುಕ್ರವಾರ ಏನೂ ಆಗುವುದಿಲ್ಲ. ಮನೋರಿ ದೋಣಿಗೆ ಮತ್ತೆ ಹೋಗಿದ್ದೆ. ಈ ಸಲ ಹೆಂಗಸರು ಹತ್ತುವಾಗ ಇಳಿಯುವಾಗ ದೋಣಿ ಅಲ್ಲಾಡದ ಹಾಗೆ ಪಾದ ಇಡುವುದನ್ನು ಮಾತ್ರ ಬರೆದೆ. ಮೀನಿನ ಬುಟ್ಟಿ ತಲೆಯ ಮೇಲಿರುವಾಗ ಹಿಮ್ಮಡಿ ಹೇಗೆ ಬೀಳುತ್ತದೆ ಎನ್ನುವುದು ನೋಡಬೇಕಾದ್ದು. ಒಂದು ಚಿತ್ರ ಸರಿ ಬಂತು, ಅದನ್ನು ಅಮ್ಮನಿಗೆ ವಾಟ್ಸ್ಯಾಪ್ ಮಾಡಿದೆ. ಸಂಜೆ ಫೋನ್ ಬಂತು. "ಕೈ ಹ್ಯಾಂಗಿತ್ತ್ ಮಗಾ?" ಎಂದು ಕೇಳಿದರು, ಚಿತ್ರದ ಬಗ್ಗೆ ಏನೂ ಹೇಳಲಿಲ್ಲ. ಹಿಂದಿನಿಂದ ಅಪ್ಪನ ದನಿ, "ಬುಟ್ಟಿಯೊಳಗೆ ಎಂತ ಮೀನಂತೆ ಕೇಳ್."

ಮಗಳು ಈಗ ಆರನೇ ಕ್ಲಾಸು. ಆ ಬೆಕ್ಕಿನ ನಂತರ ಒಮ್ಮೆಯೂ ನನ್ನ ಹತ್ತಿರ ಚಿತ್ರ ಬರೆಸಿಕೊಂಡಿಲ್ಲ. ಪ್ರಾಜೆಕ್ಟ್ ಬಂದರೆ ಸೀದಾ ಝೆರಾಕ್ಸ್ ಅಂಗಡಿಗೆ. ನಾನಾಗಿ ಕೇಳಲು ಹೋಗಿಲ್ಲ.

ಸಂಘದ ವಾರ್ಷಿಕೋತ್ಸವ ಮುಂದಿನ ತಿಂಗಳು. ಹಿಂದೆ ಇಡೀ ರಾತ್ರಿಯ ಆಟದಲ್ಲಿ ಪ್ರಸಂಗ ಶುರುವಾಗುವ ಮುಂಚೆ ಹೊಸ ಕಲಿಕೆಯವರನ್ನು ಕೋಡಂಗಿ ವೇಷದಲ್ಲಿ ರಂಗಕ್ಕೆ ಬಿಡುತ್ತಿದ್ದರು. ಅಲ್ಲಿ ಪಳಗಿದ ಮೇಲೆ ಬಾಲಗೋಪಾಲ, ಆಮೇಲೆ ಉಳಿದ ವೇಷಗಳು. ನಮ್ಮ ಗುರುಗಳಿಗೆ ಆ ಕ್ರಮ ಬಿಡಲು ಮನಸ್ಸಿಲ್ಲ. ಮಗಳು ಬಾಲಗೋಪಾಲ. ನಾನು ಮತ್ತು ಆ ನಗುವ ಹುಡುಗ ಕೋಡಂಗಿ. ನಿನ್ನೆ ಅಭ್ಯಾಸ ಮುಗಿಸಿ ಸಬ್‌ವೇಯಲ್ಲಿ ಬರುವಾಗ ಅವಳು ಬಹಳ ಗಂಭೀರವಾಗಿ ಹೇಳಿದಳು: "ಅಮ್ಮಾ, ಅವತ್ತು ತಾಳ ತಪ್ಪಿದ್ರೆ ಪ್ಲೀಸ್ ನನ್ನ ಕಡೆ ನೋಡ್ಬೇಡ."